ಕೆಳಗಿನ ಬಿಳಿ ಅಂಚು

ಅಪ್ಪ ಹೋಗಿ ಎರಡು ತಿಂಗಳಾಗಿತ್ತು, ನನಗಿನ್ನೂ ಅಳು ಬಂದಿರಲಿಲ್ಲ. ಊಟ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಕಲ್ಲಾಗಿದ್ದೆ, ಅಷ್ಟೆ. ದಿನಾ ಹೊಳೆನರಸೀಪುರದಲ್ಲಿ ಬಸ್ಸು ಹತ್ತಿ ಹಾಸನಕ್ಕೆ ಹೋಗಿ, ಒಂದು ಸಣ್ಣ ಮ್ಯೂಸಿಯಂನಲ್ಲಿ ಅಚ್ಚಿನ ಚಿತ್ರಗಳ ಪಟ್ಟಿ ಬರೆಯುತ್ತಿದ್ದೆ. ತೊಂಬತ್ತರ ದಶಕ ಮುಗಿಯುತ್ತಾ ಬಂದಿತ್ತು, ಎಲ್ಲಾ ಕೈಬರಹವೇ.

ಮರದ ಹಲಗೆ ಕೆತ್ತಿ, ಮಸಿ ಬಳಿದು, ಕಾಗದಕ್ಕೆ ಒತ್ತಿ ತೆಗೆದ ಚಿತ್ರಗಳು. ಒಬ್ಬರು ಬರೀ ಎಮ್ಮೆಗಳನ್ನೇ ಕೆತ್ತಿದ್ದರು, ಇನ್ನೊಬ್ಬರು ರೈಲ್ವೆ ಸ್ಟೇಷನ್ನಿನಲ್ಲಿ ಮಲಗಿದವರನ್ನು. ಯಾರದ್ದು ಯಾವುದೆಂದು ತಿಳಿಯಲು ಕಷ್ಟವಿರಲಿಲ್ಲ. ಚಿತ್ರದ ಕೆಳಗಿನ ಬಿಳಿ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಸಹಿ ಹಾಕುವುದು ಆ ಕಸುಬಿನ ಪದ್ಧತಿ.

ಮೂರನೇ ಪೆಟ್ಟಿಗೆಯಲ್ಲಿ ನಮ್ಮ ಹಿತ್ತಲ ಬಾವಿ ಸಿಕ್ಕಿತು! ರಾಟೆ, ಹಗ್ಗ, ಬಗ್ಗಿ ನಿಂತ ಅಮ್ಮ. ಕೆಳಗೆ ಬಿಳಿ ಅಂಚೂ ಇಲ್ಲ, ಸಹಿಯೂ ಇಲ್ಲ; ಚೀಟಿಯಲ್ಲಿ 'ಕಲಾವಿದರು ಗೊತ್ತಿಲ್ಲ' ಎಂದಿತ್ತು. ಡ್ರಾಯಿಂಗ್ ಮೇಷ್ಟ್ರಾಗಿದ್ದ ಅಪ್ಪ ಅದನ್ನು ಚಮಚದ ಬೆನ್ನಿನಿಂದ ಉಜ್ಜಿ ಅಚ್ಚು ತೆಗೆದಿದ್ದು ನನ್ನ ಕಣ್ಣೆದುರಿಗೇ.

ಸಹಿ ಎಲ್ಲಿ ಹೋಯಿತೆಂದೂ ನನಗೆ ಗೊತ್ತಿತ್ತು. ಚನ್ನರಾಯಪಟ್ಟಣದ ಸೋದರಮಾವನ ಗೃಹಪ್ರವೇಶಕ್ಕೆ ಕೊಡಲು ಕಟ್ಟು ಹಾಕಿಸಿದವಳು ನಾನೇ. ಅಂಗಡಿಯಲ್ಲಿದ್ದದ್ದು ದೇವರ ಪಟದ ಅಳತೆಯ ಕಟ್ಟು ಮಾತ್ರ. ಮಹಾ ಬುದ್ಧಿವಂತೆ ನಾನು, "ಕೆಳಗಡೆ ಸುಮ್ನೆ ಬಿಳಿ ಕಾಗ್ದ ಐತಲ್ಲಾ, ಕತ್ತರಿಸಿ ಬಿಸಾಕಿ" ಅಂದಿದ್ದೆ. ಅಪ್ಪ ನೋಡಿ, "ಚೆನ್ನಾಗೈತೆ ಬಿಡವ್ವ" ಅಂದರು. ಮಾವ ಊರು ಬಿಡುವಾಗ ಹಳೇ ಪಟಗಳ ಜೊತೆ ಅದನ್ನೂ ಮ್ಯೂಸಿಯಂಗೆ ಕೊಟ್ಟಿದ್ದರಂತೆ.

"ಸಹಿ ಇಲ್ದೆ ಹೆಸರು ಬರೆಯೋಕಾಗಲ್ಲ ಕಣಮ್ಮ," ಅಂದರು ಮೇಲಿನ ಅಧಿಕಾರಿ. "ಕೆತ್ತಿದ ಹಲಗೆ ಇದ್ರೆ ತಗೊಂಡ್ ಬಾ, ನೋಡಾಣ."

ಹಲಗೆ ಮನೆಯಲ್ಲಿ ಅಕ್ಕಿ ಡ್ರಮ್ಮಿನ ಮುಚ್ಚಳವಾಗಿತ್ತು. "ಅಯ್ಯೋ, ಇಲಿ ನುಗ್ತವೆ ಕಣೇ!" ಅಂದ ಅಮ್ಮ, ಆಮೇಲೆ ತಾನೇ ಸೆರಗಿನಲ್ಲಿ ಒರೆಸಿ ಕೈಗೆ ಕೊಟ್ಟಳು.

ಅಧಿಕಾರಿ ಎರಡನ್ನೂ ಪಕ್ಕದಲ್ಲಿಟ್ಟು ನೋಡಿದರು. ಹಗ್ಗದ ಹತ್ತಿರ ಮರ ಸೀಳಿದ್ದ ಗೆರೆ ಚಿತ್ರದಲ್ಲೂ ಮೂಡಿತ್ತು. "ಬರಿ," ಅಂದರು.

ಅಪ್ಪನ ಹೆಸರು ಬರೆದೆ. ಮುಂದಿನ ಕಾಲಂ ಚಿತ್ರದ ಸ್ಥಿತಿಯದ್ದು. 'ಕೆಳಗಿನ ಅಂಚನ್ನು ಕತ್ತರಿಸಲಾಗಿದೆ' ಎಂದು ಬರೆದೆ. ಯಾರು ಕತ್ತರಿಸಿದ್ದೆಂದು ಆ ಕಾಲಂ ಕೇಳುವುದಿಲ್ಲ. ಆದರೂ 'ಕತ್ತರಿಸಿದವರು: ಮಗಳು' ಎಂದು ಸೇರಿಸಿದೆ.

"ಇದೆಲ್ಲಾ ಬೇಕಾಗಿರ್ಲಿಲ್ಲ," ಅಂದರು ಅವರು.

ಅಪ್ಪ ಅವತ್ತೇ ಒಂದು ಮಾತು ಬೈದುಬಿಟ್ಟಿದ್ದರೆ ಆಗುತ್ತಿತ್ತು. ಅಳು ಆಗಲೂ ಬರಲಿಲ್ಲ. ಶಾಯಿ ಆರುವವರೆಗೆ ಆ ಸಾಲಿನ ಮೇಲೆ ಉಫ್ ಉಫ್ ಎಂದು ಊದುತ್ತಾ ಕೂತಿದ್ದೆ.