ವೇಷ್ಟನದೊಳಗಿನ ಆಡು

ನನಗೆ ಮೊದಲ ಅಕ್ಷರವನ್ನು ಕಾಣಿಸಿದ ಗುರುವಿಗೆ, ಕೇಳಿದ್ದನ್ನು ಮರೆಯದೆ ಮುಂದಿನವರ ಕಿವಿಗೆ ದಾಟಿಸಿದ ಆಚಾರ್ಯ ಪರಂಪರೆಗೆ, ವಿದ್ಯೆಯ ದೇವತೆ ಶ್ರುತದೇವಿಗೆ ನಮಸ್ಕಾರ. ಶಾಸ್ತ್ರಗಳಿಗೆ ಹೊದಿಸುವ ಬಟ್ಟೆಯನ್ನು ನೇಯುವ ಇಚಲಕರಂಜಿಯ ಕೈಗಳಿಗೂ ನಾನು ಋಣಿ. ಈ ವಂದನೆಯನ್ನು ಮೊದಲೇ ಸಲ್ಲಿಸುತ್ತಿದ್ದೇನೆ. ಮುಂದಿನದನ್ನೆಲ್ಲ ಸಿಟ್ಟಿನಲ್ಲಿ ಬರೆಯುವವನಿದ್ದೇನೆ. ಆ ಸಿಟ್ಟಿನಲ್ಲಿ ನಮಸ್ಕಾರ ಮರೆತುಹೋಗಬಾರದು.

ಇಚಲಕರಂಜಿಯ ನಮ್ಮ ಓಣಿಯಲ್ಲಿ ಒಂದು ಸಣ್ಣ ಕನ್ನಡ ವಾಚನಾಲಯವಿದೆ. ನಡೆಸುವವರು ನಮ್ಮ ಜೈನ ಸಮಾಜದ ವ್ಯಾಪಾರಸ್ಥರು. ಬರುವವರು ಹೆಚ್ಚಾಗಿ ಮಗ್ಗದ ಕೆಲಸಕ್ಕೆಂದು ವಿಜಯಪುರ, ಬಾಗಲಕೋಟೆ ಕಡೆಯಿಂದ ಬಂದು ನೆಲೆಸಿದವರ ಮಕ್ಕಳು. ಶಾಲೆಯಲ್ಲಿ ಅವರಿಗೆ ಮರಾಠಿ, ಮನೆಯಲ್ಲಿ ಕನ್ನಡ. ರವಿವಾರ ಮುಂಜಾನೆ ಬಸದಿಯಿಂದ ಬಂದವನು ಅವರೊಂದಿಗೆ ಚಾಪೆಯ ಮೇಲೆ ಕುಳಿತು ಓದುತ್ತೇನೆ.

ಈ ಶ್ರಾವಣದಲ್ಲಿ ಒಬ್ಬರೇ ಲೇಖಕಿಯ ಚಿತ್ರಪುಸ್ತಕಗಳನ್ನು ಓದಿದೆವು. ಗಡಹಿಂಗ್ಲಜದವರು; ಕತೆಯನ್ನೂ ಬರೆದು ಚಿತ್ರವನ್ನೂ ತಾವೇ ತೆಗೆಯುವವರು. ಪುಸ್ತಕವನ್ನು ಮನುಷ್ಯರೊಬ್ಬರು ಮಾಡುತ್ತಾರೆ ಎಂಬುದನ್ನೇ ಮಕ್ಕಳು ಮೊದಲು ನಂಬಲಿಲ್ಲ. "ಪುಸ್ತಕ ಮಷೀನದಾಗ ಆಗ್ತಾವರಿ ಅಜ್ಜಾ, ಸೀರಿ ಆದಂಗ" ಎಂದು ನಕ್ಕರು. ಆಮೇಲೆ ಚಿತ್ರಗಳನ್ನು ನೋಡಿ ನೋಡಿ ಲೇಖಕಿಯನ್ನು ಊಹಿಸತೊಡಗಿದರು: ಇವರ ಮನೆಯಲ್ಲಿ ಆಡು ಇರಬೇಕು, ಇವರಿಗೆ ಬಸ್ಸಿನಲ್ಲಿ ಕಿಟಕಿಯ ಜಾಗ ಸಿಕ್ಕಿರಲಿಕ್ಕಿಲ್ಲ. ಕುರ್ಚಿಗಳನ್ನು ಸಾಲಾಗಿಟ್ಟು ಎಸ್.ಟಿ. ಬಸ್ಸು ಮಾಡಿ ಅವರ ಒಂದು ಕತೆಯನ್ನು ಆಡಿದರು. ಕತೆ ಇಷ್ಟೇ: ಒಂದು ಆಡು ನೇಸರಿ ಊರಿನಲ್ಲಿ ಬಸ್ಸು ಹತ್ತಿ ಸೀಟಿನ ಕೆಳಗೆ ಅಡಗಿಕೊಳ್ಳುತ್ತದೆ. ಗಡಹಿಂಗ್ಲಜದಲ್ಲಿ ಎಲ್ಲರೂ ಇಳಿಯುತ್ತಾರೆ. ಕೊನೆಯ ಪುಟದಲ್ಲಿ ಬರೀ ಖಾಲಿ ಬಸ್ಸು.

ಐದು ವರ್ಷದ ಒಬ್ಬ ಹುಡುಗಿ ಆ ಪುಟವನ್ನು ಬಿಟ್ಟು ಏಳುತ್ತಿರಲಿಲ್ಲ. "ಆಡು ಎಲ್ಲಿ ಇಳೀತು?" ಎಂದು ಪ್ರತಿ ವಾರ ಕೇಳುತ್ತಿದ್ದಳು. ನನಗೆ ಗೊತ್ತಿಲ್ಲ, ಬರೆದವರನ್ನೇ ಕರೆಸೋಣ, ನೀನೇ ಕೇಳು ಎಂದೆ. ಕರೆದೆವು, ಒಂದು ರವಿವಾರ ಬರುತ್ತೇನೆಂದರು. ಆ ಹುಡುಗಿಯ ತಾಯಿ ಕಾಂಡಿ ಮಷೀನಿನಲ್ಲಿ ನೂಲು ಸುತ್ತುವ ಕೆಲಸದವಳು. ರವಿವಾರವೂ ಮಧ್ಯಾಹ್ನದ ಪಾಳಿ ಹಿಡಿಯಬೇಕು; ಮನೆಯಲ್ಲಿ ನೋಡಿಕೊಳ್ಳುವವರಿಲ್ಲದ್ದರಿಂದ ಮಗಳನ್ನೂ ಕರೆದೊಯ್ಯಬೇಕು. ಅಷ್ಟರೊಳಗೆ ಕೇಳಿಬಿಡಬೇಕು ಎಂಬುದೊಂದೇ ಆ ಮಗುವಿಗಿದ್ದ ಚಿಂತೆ.

ಆ ದಿನ ಹೋಗಿ ನೋಡಿದರೆ ಚಾಪೆಯೂ ಇಲ್ಲ, ಪುಸ್ತಕಗಳೂ ಇಲ್ಲ. ಎದುರಿಗೆ ಎತ್ತರದ ಮೇಜು. ಅದರ ಮೇಲೆ ಲೇಖಕಿಯ ಅಷ್ಟೂ ಪುಸ್ತಕಗಳು ಕೆಂಪು ರೇಷ್ಮೆಯ ವೇಷ್ಟನಗಳಲ್ಲಿ ಸುತ್ತಿ, ದಾರ ಬಿಗಿದು, ಅಕ್ಷತೆ ಚೆಂಡುಹೂ ಏರಿಸಿಕೊಂಡು ಕುಳಿತಿದ್ದವು. ಶ್ರುತಪಂಚಮಿಯ ದಿನ ನಮ್ಮ ಬಸದಿಯಲ್ಲಿ ಶಾಸ್ತ್ರಗಳನ್ನು ಹೊರತೆಗೆದು, ಧೂಳು ಝಾಡಿಸಿ, ಬಿಸಿಲು ಕಾಣಿಸಿ, ಹೊಸ ವೇಷ್ಟನ ಕಟ್ಟಿ ಪೂಜಿಸುವ ರೂಢಿಯಿದೆ. ವಾಚನಾಲಯದ ಅಧ್ಯಕ್ಷರು ಅದನ್ನೇ ಆಡಿನ ಕತೆಗೂ ಮಾಡಿದ್ದರು!

"ಹೆಂಗ ಕಾಣಸ್ತೈತ್ರಿ ಕಾಕಾ? ಖಾಸ ಕೊಲ್ಲಾಪುರಕ್ಕ ಹೋಗಿ ರೇಶ್ಮಿ ತಂದೇನಿ" ಎಂದರು. ಊರಿಗೆಲ್ಲ ಬಟ್ಟೆ ನೇಯುವ ಊರಿನವರು ಹೇಳಿದ ಮಾತು ಇದು.

"ಹುಡುಗೂರ ಕೈಯಾಗ ಇರೂ ಪುಸ್ತಕ ಇವು. ಬಿಚ್ಚಸ್ರಿ."

"ಕಾರ್ಯಕ್ರಮ ಮುಗೀಲ್ರಿ, ಆಮ್ಯಾಗ ನೋಡೂಣು. ಈಗ ಮುಟ್ಟಿದ್ರ ಹೊಲಸ ಆಗ್ತಾವ. ಶಾಸ್ತ್ರಕ್ಕ ಹೆಂಗ ಮರ್ಯಾದಿ ಕೊಡಬೇಕು ಅಂತ ನಮಗ ಕಲಿಸಿದವ್ರು ನೀವ ಅಲ್ಲೇನ್ರಿ?"

ಕಲಿಸಿದ್ದು ಹೌದು. ಆದರೆ ಪೂಜೆಯಾದ ಮೇಲೆ ವೇಷ್ಟನ ಬಿಚ್ಚಿ, ಗ್ರಂಥವನ್ನು ಪೀಠದ ಮೇಲೆ ತೆರೆದಿಟ್ಟು, ಗಟ್ಟಿಯಾಗಿ ಓದಬೇಕೆಂಬುದನ್ನೂ ಕಲಿಸಿದ್ದೆ. ಆ ಬಟ್ಟೆ ಧೂಳಿಗೆ ಅಡ್ಡ, ಹುಳಕ್ಕೆ ಅಡ್ಡ; ಓದುವ ಕೈಗೆ ಎಂದೂ ಅಡ್ಡವಲ್ಲ. ಕಟ್ಟುವುದನ್ನಷ್ಟೇ ನೆನಪಿಟ್ಟು ಬಿಚ್ಚುವುದನ್ನು ಮರೆತವರ ಭಕ್ತಿಯನ್ನು ಕಂಡು ನನ್ನ ಮೈ ಉರಿಯಿತು. ಮಾತು ಬೆಳೆಯುವಷ್ಟರಲ್ಲಿ ಗಡಹಿಂಗ್ಲಜದ ಬಸ್ಸಿಳಿದು ಲೇಖಕಿ ಬಂದರು. ಅತಿಥಿಯ ಎದುರು ಜಗಳವೇಕೆಂದು ಹಿಂದೆ ಹೋಗಿ ಗೋಡೆಯ ಬಳಿ ಕುಳಿತೆ.

ಶಾಲು ಹೊದಿಸಿದರು, ಕಾಯಿ ಕೊಟ್ಟರು, ಭಾಷಣ ಸುರುವಾಯಿತು. ಮಕ್ಕಳನ್ನು ಹಿಂದಿನ ಗೋಡೆಗೆ ಕೈಕಟ್ಟಿ ಕೂರಿಸಿದ್ದರು. ಅಧ್ಯಕ್ಷರು ತಮ್ಮ ತಂದೆಯವರಿಂದ ಹಿಡಿದು ವಾಚನಾಲಯದ ಛಾವಣಿಯವರೆಗೆ ಎಲ್ಲದರ ಇತಿಹಾಸ ಹೇಳಿದರು. ಮಗುವಿನ ಹೆಸರೆತ್ತಲಿಲ್ಲ, ಆಡಿನ ಹೆಸರೆತ್ತಲಿಲ್ಲ. ಅಷ್ಟರಲ್ಲಿ ಬಾಗಿಲಲ್ಲಿ ಆ ತಾಯಿ ಬುತ್ತಿಯ ಡಬ್ಬಿ ಹಿಡಿದು ನಿಂತಳು. ಹುಡುಗಿ ತಾಯಿಯನ್ನು ನೋಡಿದಳು, ಕೆಂಪು ಗಂಟುಗಳನ್ನು ನೋಡಿದಳು, ಗೋಡೆಯುದ್ದ ಸರಿದು ನನ್ನ ಬಳಿ ಬಂದಳು.

"ಅಜ್ಜಾ, ಅವ್ವ ಬಂದ್ಲು. ಯಾವಾಗ ಕೇಳೂದು?"

"ಈಗ" ಎಂದು ಎದ್ದೆ. ಮೇಜಿನ ಬಳಿ ಹೋಗಿ ದಾರ ಬಿಚ್ಚತೊಡಗಿದೆ. ಅಧ್ಯಕ್ಷರ ಮಾತು ಅರ್ಧಕ್ಕೆ ನಿಂತಿತು.

"ಕಾಕಾ, ಏನ್ ಮಾಡಾಕತ್ತೀರಿ?"

"ಪೂಜಾ ಮುಗೀತು. ಇನ್ನ ಸ್ವಾಧ್ಯಾಯ."

ಮೈಕು ಹತ್ತಿರವೇ ಇತ್ತು, ಓಣಿಗೆಲ್ಲ ಕೇಳಿಸಿತಂತೆ. ಕೇಳಿಸಲಿ. ಲೇಖಕಿ ಶಾಲು ಮಡಚಿ ಕುರ್ಚಿಯ ಮೇಲಿಟ್ಟು ಬರಿ ನೆಲದ ಮೇಲೆ ಕುಳಿತರು. "ನನ್ನೂ ಕಟ್ಟಿ ಇಟ್ಟಂಗ ಆಗಿತ್ರಿ" ಎಂದು ನಕ್ಕರು. ಹುಡುಗಿ ಅವರ ತೊಡೆಗೊರಗಿ ಕೊನೆಯ ಪುಟ ತೆರೆದಳು.

"ಆಡು ಎಲ್ಲಿ ಇಳೀತು?"

"ನಿನಗೇನ ಅನಸ್ತೈತಿ ಯವ್ವಾ?"

"ನಾ ನಿನ್ನ ಕೇಳಾಕತ್ತೇನಿ!"

"ಖರೆ ಹೇಳ್ತೇನಿ, ನನಗೂ ಗೊತ್ತಿಲ್ಲ. ನೀನ ಇಳಸ್ತೀಯೇನು?" ಎಂದು ಲೇಖಕಿ ತಮ್ಮ ಪೆನ್ಸಿಲ್ ಅವಳ ಕೈಗಿತ್ತರು. ಅಧ್ಯಕ್ಷರು ಎದೆ ಹಿಡಿದುಕೊಂಡರು. "ವಾಚನಾಲಯದ ಪುಸ್ತಕರೀ ಬಾಯಾರ! ಗೀಚಿ ಗೀಚಿ ಇಡತಾಳ!" ಹುಡುಗಿ ಕಿವಿಗೊಡಲಿಲ್ಲ. ಖಾಲಿ ಬಸ್ಸಿನ ಪಕ್ಕದಲ್ಲಿ ತಗಡಿನ ಮಗ್ಗದ ಶೆಡ್ಡು ಬರೆದು, ಅದರ ಬಾಗಿಲಲ್ಲಿ ಐದು ಕಾಲಿನ ಒಂದು ಆಡು ನಿಲ್ಲಿಸಿದಳು. "ನಮ್ಮವ್ವನ ಕಡೆ ಬಂತು" ಎಂದು ಪೆನ್ಸಿಲ್ ಹಿಂದಿರುಗಿಸಿ, ತಾಯಿಯ ಕೈಹಿಡಿದು ಪಾಳಿಗೆ ಹೊರಟುಹೋದಳು.

ಇಲ್ಲಿಗೆ ನನ್ನ ಸಿಟ್ಟು ಇಳಿಯಬೇಕಿತ್ತು. ಮುಂದಿನ ರವಿವಾರ ಹೋದರೆ ಆ ಪುಸ್ತಕ ಗಾಜಿನ ಕಪಾಟಿನಲ್ಲಿತ್ತು. ಅದೇ ಕೆಂಪು ವೇಷ್ಟನ, ಮೇಲೊಂದು ಬೀಗ. ಹುಡುಗಿ ಗಾಜಿಗೆ ಮೂಗು ಒತ್ತಿ ನಿಂತಿದ್ದಳು.

"ಸ್ವತಃ ಲೇಖಕರ ಪೆನ್ಸಿಲ್ ಮುಟ್ಟಿದ ಪ್ರತಿರೀ ಕಾಕಾ, ಇನ್ನ ಹೊರಗ ಇಡಾಕ ಬರೂದಿಲ್ಲ" ಎಂದರು ಅಧ್ಯಕ್ಷರು, ಭಕ್ತಿಯಿಂದಲೇ.

"ಬರದಾಕಿ ಇಲ್ಲೇ ನಿಂತಾಳ. ಕೀಲಿ ಕೊಡ್ರಿ."

"ಹರದೀತ್ರಿ!"

"ಹರದ್ರ ಅಂಟಸೂಣು. ಕೀಲಿ ಕೊಡ್ರಿ."

ಕೊಟ್ಟರು. ಪುಸ್ತಕ ಈಗ ಚಾಪೆಯ ಮೇಲಿದೆ. ಆ ಶೆಡ್ಡಿನ ಬಾಗಿಲಲ್ಲಿ ಬೇರೆ ಮಕ್ಕಳು ಇನ್ನೂ ಏನೇನನ್ನೋ ತಂದು ನಿಲ್ಲಿಸಿದ್ದಾರೆ. ಪುಟದ ಅಂಚು ಹರಿದಿದೆ, ಅಂಟಿಸಿದ್ದೇವೆ. ಕೀಲಿಯನ್ನು ಹಿಂದಿರುಗಿಸಿಲ್ಲ, ಹಿಂದಿರುಗಿಸುವುದೂ ಇಲ್ಲ.

ಕತೆ ಬರೆದು ನೆಲದ ಮೇಲೆ ಕುಳಿತ ಆ ಲೇಖಕಿಗೆ ಆಯುಷ್ಯವಿರಲಿ. ಕೇಳಿದ ಮಗುವಿಗೆ ಕೇಳುವ ಧೈರ್ಯ ಬತ್ತದಿರಲಿ. ಡಬ್ಬಿ ಹಿಡಿದು ಬಾಗಿಲಲ್ಲಿ ಕಾದವಳ ಕೈಗಳು ನೋಯದಿರಲಿ. ಗೋಡೆಗೊರಗಿ ಕುಳಿತ ಮಕ್ಕಳೆಲ್ಲರಿಗೂ ಪುಟಗಳು ಕೈತುಂಬ ಸಿಗಲಿ. ನಮ್ಮ ಅಧ್ಯಕ್ಷರಿಗೂ ಮಂಗಳವಾಗಲಿ. ಗಂಟು ಹಾಕಲು ಕಲಿತ ಆ ಬೆರಳುಗಳಿಗೆ ಬಿಚ್ಚುವ ವಿದ್ಯೆಯನ್ನೂ ಶ್ರುತದೇವಿ ಬೇಗ ಕರುಣಿಸಲಿ.