ಕುಕ್ಕರ್ ಕೂಗದ ಕೊನೆಯ ಸುತ್ತು

ಅಡುಗೆಮನೆಯಲ್ಲಿ ಕುಕ್ಕರು ಬುಸುಗುಟ್ಟಿದರೆ ಇವತ್ತಿಗೂ ನನಗೆ ಕೂತಲ್ಲಿ ಕೂರಲಾಗುವುದಿಲ್ಲ.

ಕೀಲ್ಪಾಕಿನ ನಮ್ಮ ಮನೆಯಲ್ಲಿ ಗಾಲ್ಫ್ ಕೋಲು ಮುಟ್ಟಿದವರು ಯಾರೂ ಇರಲಿಲ್ಲ. ಆದರೂ ದೊಡ್ಡ ಚಾಂಪಿಯನ್‌ಶಿಪ್ಪಿನ ಕೊನೆಯ ಸುತ್ತಿನ ದಿನ ಅಪ್ಪ ಟೀವಿಯ ಮುಂದೆ ಬನಿಯನ್ನಿನ ಅಂಚು ತಿರುಚುತ್ತ ನಿಂತೇ ಇರುತ್ತಿದ್ದರು. ಕಾಮೆಂಟರಿಯವರು ಪಿಸುಗುಟ್ಟುತ್ತಾರೆಂದು ನಾವೂ ಪಿಸುಗುಟ್ಟಬೇಕು. ಆ ಸೆಕೆಯಲ್ಲೂ ಸದ್ದು ಬೇಡವೆಂದು ಫ್ಯಾನ್ ಆರಿಸಿಬಿಡುತ್ತಿದ್ದರು.

ಅಂಥದೊಂದು ಭಾನುವಾರ ಸಂಜೆ ಅಪ್ಪನ ಮೆಚ್ಚಿನ ಆಟಗಾರ ಕೊನೆಯ ಗುಂಡಿಯ ಹತ್ತಿರ ಬಗ್ಗಿ ನಿಂತಿದ್ದ. ಚೆಂಡು ಒಳಗೆ ಬಿದ್ದರೆ ಕಪ್ ಅವನದು. ಅಷ್ಟರಲ್ಲಿ ಅಜ್ಜಿ ಬೇಳೆಗಿಟ್ಟಿದ್ದ ಕುಕ್ಕರು ಬುಸುಗುಟ್ಟತೊಡಗಿತು.

“ಅಮ್ಮಾ, ಆರ್ಸು!” ಅಪ್ಪ ಉಸಿರಲ್ಲೇ ಚೀರಿದರು.

“ಎಲ್ಲೋ ಫಾರಿನ್ನಲ್ಲಿರೋ ಪಿಳ್ಳೆಗೆ ನಮ್ಮನೆ ವಿಸಿಲ್ ಕೇಳತ್ತಾ?” ಎಂದು ಗೊಣಗುತ್ತಲೇ ಅಜ್ಜಿ ಓಡಿಹೋಗಿ ಒಲೆ ಆರಿಸಿದರು.

ಚೆಂಡು ಗುಂಡಿಯ ಅಂಚು ಸವರಿಕೊಂಡು ಆಚೆ ಉರುಳಿತು. ಅಪ್ಪ ಕುರ್ಚಿಯಲ್ಲಿ ಕುಸಿದರು. ಅಜ್ಜಿ ಸೌಟು ಹಿಡಿದು ಬಾಗಿಲಲ್ಲೇ ನಿಂತಿದ್ದರು.

“ನಾನ್ ಆರ್ಸಿದ್ದೆ ಕಣೋ. ಒಂದು ಸದ್ದೂ ಬರ್ಲಿಲ್ಲ.”

ಅವತ್ತು ಅರೆಬೆಂದ ಬೇಳೆಯ ಹುಳಿಯನ್ನೇ ಉಂಡೆವು.

ಇವತ್ತು ಟೀವಿಯಲ್ಲಿ ಮತ್ತೊಂದು ಕೊನೆಯ ಸುತ್ತು. “ಏಂಪ್ಪಾ ಗ್ಯಾಸ್ ಆಫ್ ಪಣ್ಣಿಟ್ಟೀಂಗ?” ಗ್ಯಾಸ್ ಯಾಕೆ ಆರಿಸಿದ್ದೆಂದು ಮಗಳು ಅಡುಗೆಮನೆಯಿಂದ ತಮಿಳಿನಲ್ಲಿ ಕೂಗಿದಳು.

“ಮೆಲ್ಲಗೆ ಮಾತಾಡೇ,” ಎಂದೆ. “ಅವನು ಹೊಡೀತಿದಾನೆ.”