ಗದ್ದೆಗೆ ಬಿದ್ದ ಮುಚ್ಚಳ

ನಮ್ಮ ಅತ್ತಿಗೆಯ ತಲೆಗೆ ತಗುಲಿದ್ದು ವಿಮಾನದ ಮುಚ್ಚಳ. ಮನೆಯವರು ಅದನ್ನು ಕಾಗೆಯ ಲೆಕ್ಕಕ್ಕೆ ಸೇರಿಸಿದರು. ಅಲ್ಲೇ ಎಲ್ಲ ಕೆಟ್ಟಿತು.

ಎಪ್ಪತ್ತರ ದಶಕದ ಮಾತು. ನಿಡಘಟ್ಟದ ಹತ್ತಿರ ನಮ್ಮ ಗದ್ದೆ. ಬೆಳಿಗ್ಗೆ ನಾಟಿ ನಡೆದಿತ್ತು. ಅಣ್ಣ ಪೈರಿನ ಕಟ್ಟು ಎಸೆಯುತ್ತಿದ್ದ, ಅತ್ತಿಗೆ ಹೆಂಗಸರ ಸಾಲಿನಲ್ಲಿ ಬಗ್ಗಿ ನೆಡುತ್ತಿದ್ದಳು, ನಾನು ಬದು ಕಟ್ಟುತ್ತಿದ್ದೆ. ಒಂದು ಸಣ್ಣ ವಿಮಾನ ತಗ್ಗಿನಲ್ಲಿ ಹೋಯಿತು. ಯಾರೂ ತಲೆ ಎತ್ತಲಿಲ್ಲ. ಆಗಾಗ ಹೋಗುತ್ತಿದ್ದದ್ದೇ. ಹಿಂದೆಯೇ ಏನೋ ಬೀಸಿದ ಸದ್ದು. ಅತ್ತಿಗೆ ಕೆಸರಿನಲ್ಲಿ ಕೂತುಬಿಟ್ಟಳು. ಅವಳ ಪಕ್ಕದಲ್ಲಿ ಮೊರದಷ್ಟಗಲದ ತಗಡು ಅರ್ಧ ಹೂತು ನಿಂತಿತ್ತು.

ತಾನೇ ಎದ್ದಳು. ಕಿವಿಯ ಮೇಲೆ ನಿಂಬೆಹಣ್ಣಿನಷ್ಟು ಊತ. ರಕ್ತ ಇಲ್ಲ. "ಸವರ್ಕೊಂಡ್ ಓಯ್ತು ಕಣ್ರೋ, ಏನೂ ಆಗಿಲ್ಲ," ಎಂದು ಸೆರಗು ಕೊಡವಿದಳು.

"ಮದ್ದೂರ್ ಆಸ್ಪತ್ರೆಗೆ ಕರ್ಕೊಂಡೋಗಾನ," ಎಂದೆ.

ಮನೆಗೆ ಹಿರಿಯನಾದ ದೊಡ್ಡಪ್ಪ ಬಿಡಲಿಲ್ಲ. ಕಾಗೆ ತಲೆ ಮುಟ್ಟಿದರೆ ನಮ್ಮಲ್ಲಿ ಒಂದು ಪದ್ಧತಿ. ಮುಟ್ಟಿಸಿಕೊಂಡವರು ಸತ್ತರೆಂದು ನೆಂಟರಿಗೆ ಸುಳ್ಳು ಸುದ್ದಿ ಕಳಿಸಬೇಕು. ಅವರು ನಂಬಿ ಅಳಬೇಕು. ಆ ಕಣ್ಣೀರಿನಲ್ಲಿ ಗಂಡಾಂತರ ಕಳೆಯುತ್ತದಂತೆ.

"ಇದು ಕಾಗೆ ಅಲ್ಲ ಕಣ್ ದೊಡ್ಡಪ್ಪ, ತಗಡು."

"ಕಾಗೆಗಿಂತ ಮೇಲಿಂದ ಬಂದೈತಲ್ಲ, ಬಡ್ಡೈದ್ನೆ! ತಲೆ ಮುಟ್ಟೈತೆ. ಪೂರಿಗಾಲಿಗೆ ಓಗು. ಅವ್ರು ಅತ್ರು ಅಂತ ನೀನು ಬಂದು ಯೋಳೋಗಂಟ ಇಲ್ಲಿ ಯಾರೂ ಬಾಯ್ ಬುಡಬಾರ್ದು. ಅವ್ಳು ಒಸ್ಲು ದಾಟಬಾರ್ದು."

ಪೂರಿಗಾಲಿ ಅತ್ತಿಗೆಯ ತವರು. ಅಣ್ಣ ನನಗೆ ಬಸ್ಸಿನ ದುಡ್ಡು ಕೊಟ್ಟ. ಅತ್ತಿಗೆಗೆ ನಗು. "ಓಗಪ್ಪ, ನಮ್ಮವ್ವ ಚೆಂದಾಗಿ ಅಳ್ತಳೆ. ಬರ್ವಾಗ ನಮ್ಮಿತ್ಲು ನುಗ್ಗೆಕಾಯಿ ಈಸ್ಕೊಂಡ್ ಬಾ."

ಮದ್ದೂರು, ಮಳವಳ್ಳಿ, ಅಲ್ಲಿಂದ ಇನ್ನೊಂದು ಬಸ್ಸು. ಅತ್ತಿಗೆಯ ತಾಯಿ ಜಗುಲಿಯ ಮೇಲೆ ಹುರುಳಿ ಕೇರುತ್ತಿದ್ದಳು.

"ನಿನ್ ಮಗ್ಳು ಓಗ್ಬುಟ್ಲು ಕಣತ್ತೆ."

ಮೊರ ಬಿತ್ತು. ಮುದುಕಿ ಎದೆ ಬಡಿದುಕೊಂಡು ನೆಲದ ಮೇಲೆ ಹೊರಳಿದಳು. ಬೀದಿಯ ಹೆಂಗಸರೆಲ್ಲ ಬಂದು ಅತ್ತರು. ಸಾಕು ಅನ್ನಿಸಿದಾಗ ನಿಜ ಹೇಳಿದೆ. ಮುದುಕಿ ಪೊರಕೆ ತಗೊಂಡು ನನಗೆ ಬಾರಿಸಿದಳು. "ನಿನ್ ನಾಲ್ಗೆ ಸೇದೋಗ! ನನ್ ಜೀವನೇ ತೆಗ್ದಲ್ಲೋ!" ಆಮೇಲೆ ನಗುತ್ತ ಮುದ್ದೆ ಇಕ್ಕಿದಳು, ನುಗ್ಗೆಕಾಯಿ ಕಟ್ಟಿಕೊಟ್ಟಳು. ಅತ್ತಿಗೆಯ ಅಣ್ಣ ತಂಗಿಯನ್ನು ನೋಡಲು ನನ್ನ ಜೊತೆ ಹೊರಟ. ಬಸ್ಸಿನಲ್ಲೆಲ್ಲ ಅವನಿಗೆ ತಮಾಷೆ. "ಸತ್ತೋಳು ನಮ್ಗೆ ಸಾರು ಮಾಡಿಟ್ಟವ್ಳೇನ್ಲಾ?"

ದೀಪ ಹಚ್ಚುವ ಹೊತ್ತಿಗೆ ಊರು ಸೇರಿದೆವು. ಮನೆ ಮುಂದೆ ಜನ, ಅಳು. ಅವನು ಇನ್ನೂ ನಗುತ್ತಿದ್ದ. "ಸಾಕ್ ನಿಲ್ಸ್ರೋ, ನಮ್ಮೂರಲ್ಲಿ ಅತ್ತಾಯ್ತು."

ಯಾರೂ ನಿಲ್ಲಿಸಲಿಲ್ಲ.

ನಡೆದದ್ದನ್ನು ನಮ್ಮಣ್ಣ ಆಮೇಲೆ ಹೇಳಿದ. ಮಧ್ಯಾಹ್ನ ಅವಳಿಗೆ ತಲೆನೋವು ಬಂತು. ವಾಂತಿ ಮಾಡಿ ಚಾಪೆಯ ಮೇಲೆ ಮಲಗಿದಳು. ಗೊರಕೆ ಶುರುವಾಯಿತು. ನಿದ್ದೆ ಬಂತಲ್ಲ, ಒಳ್ಳೆಯದಾಯಿತು ಅಂದುಕೊಂಡರು. ಅದು ನಿದ್ದೆಯ ಗೊರಕೆ ಅಲ್ಲ.

ಅದೇ ಹೊತ್ತಿಗೆ ಜೀಪು ಬಂತು. ವಿಮಾನದವರು ಮುಚ್ಚಳ ಹುಡುಕಿಕೊಂಡು ಊರೂರು ಕೇಳುತ್ತ ಬಂದಿದ್ದರು. ಅವರಲ್ಲೊಬ್ಬ ತಗಡಿನ ಅಂಚಿನ ತೂತುಗಳ ಮೇಲೆ ಬೆರಳಾಡಿಸಿದ. ಎರಡು ತೂತು ಹರಿದಿದ್ದವು. ಉಳಿದವು ಗುಂಡಗೆ ಹಾಗೇ ಇದ್ದವು.

"ರಿಪೇರಿಗೆ ಬಿಚ್ಚಿದಾರೆ. ಎರಡಕ್ಕೆ ಸ್ಕ್ರೂ ಹಾಕಿ ಮಿಕ್ಕಿದ್ದು ಬಿಟ್ಟಿದಾರೆ. ಆಮೇಲೆ ನೋಡಬೇಕಾದೋನೂ ನೋಡಿಲ್ಲ," ಎಂದು ಜೊತೆಯವನಿಗೆ ಹೇಳಿದ. ಅವನ ಮುಖ ಬಿಳಿಚಿತ್ತಂತೆ. ನಮ್ಮವರ ಕಡೆ ತಿರುಗಿದ. "ಇಲ್ಲಿ ಯಾರಿಗಾದ್ರೂ ಏಟಾಯ್ತೇನ್ರಿ?"

ಅಣ್ಣ ದೊಡ್ಡಪ್ಪನ ಮುಖ ನೋಡಿದ. ನಾನು ಇನ್ನೂ ವಾಪಸ್ ಬಂದಿರಲಿಲ್ಲ. ಪೂರಿಗಾಲಿಯಲ್ಲಿ ಅತ್ತರೋ ಇಲ್ಲವೋ ಅವರಿಗೆ ಗೊತ್ತಿಲ್ಲ.

"ಯಾರ್ಗೂ ಇಲ್ಲ ಸೋಮಿ," ಎಂದ ದೊಡ್ಡಪ್ಪ.

ಅವರು ತಗಡನ್ನು ಕಂಬಳಿಯಲ್ಲಿ ಸುತ್ತಿ, ಅಲುಗಾಡದ ಹಾಗೆ ಜೀಪಿನ ಹಿಂದಿನ ಸೀಟಿನ ಮೇಲೆ ಮಲಗಿಸಿದರು. ಒಬ್ಬ ಪಕ್ಕದಲ್ಲಿ ಕೂತು ಹಿಡಿದುಕೊಂಡ. ಜೀಪು ಮಂಡ್ಯದ ಕಡೆ ಹೋಯಿತು. ದೊಡ್ಡಾಸ್ಪತ್ರೆ ಇದ್ದದ್ದೂ ಮಂಡ್ಯದಲ್ಲೇ. ಬಿಸಿಲು ಇಳಿಯುವ ಮುಂಚೆ ಗೊರಕೆ ನಿಂತಿತು.

ಅವಳ ಅಣ್ಣ ಹೆಣದ ಪಕ್ಕದಿಂದ ಏಳಲೇ ಇಲ್ಲ. ಬೆಳಿಗ್ಗೆ ಮೊದಲ ಬಸ್ಸಿಗೆ ಮತ್ತೆ ನಾನೇ ಪೂರಿಗಾಲಿಗೆ ಹೋದೆ.

ಮುದುಕಿ ನನ್ನನ್ನು ಕಂಡದ್ದೇ ನಕ್ಕಳು. "ಇವತ್ ಯಾವ್ ಕಾಗೆಯೋ?"

"ನಿಜ ಕಣತ್ತೆ. ಓಗ್ಬುಟ್ಲು."

"ಓಗ್ಲಾ, ನಿನ್ನೆನೇ ಅತ್ತಿವ್ನಿ. ನುಗ್ಗೆಕಾಯಿ ಸಾಲ್ಲಿಲ್ವಂತಾ?"

ಎಂದವಳೇ ಮೊರ ಎತ್ತಿಕೊಂಡು ಹುರುಳಿ ಕೇರತೊಡಗಿದಳು. ಜಗುಲಿಯ ಅಂಚಿಗೆ ಕೂತೆ. ಅಲ್ಲಿಯವರೆಗೆ ಬಾರದಿದ್ದ ಅಳು ಆಗ ಬಂತು.

ಮೊರದ ಸದ್ದು ನಿಂತಿತು.